ಒಲಿ ನಾಲ್ಕು, ಮನಿ ಒಂದು: ನಾಲ್ಕು ಊರಿನ ಆಫೀಸಿಗೆ ಎಷ್ಟು ಡೊಮೇನ್ ಬೇಕು?

ವ್ಯಾಪಾರ ಬೆಳೆದು ಎರಡನೇ ಊರಿನಲ್ಲಿ ಆಫೀಸು ತೆರೆಯುವಾಗ ಬಾಡಿಗೆ, ಬೋರ್ಡು, ಕರೆಂಟ್ ಮೀಟರು ಎಲ್ಲದರ ಬಗ್ಗೆಯೂ ಯೋಚನೆ ಆಗುತ್ತದೆ. ಕಂಪ್ಯೂಟರಿನ ವಿಷಯಕ್ಕೆ ಬಂದರೆ ಮಾತ್ರ, "ನಾಕ್ ಸಿಸ್ಟಂ ಹಾಕ್ಸಿ ಒಂದ್ ವೈಫೈ ಕೊಡ್ಸಿದ್ರಾತು" ಅಂತ ಮುಗಿಸಿಬಿಡುತ್ತೇವೆ. ಮೂರನೆಯದು, ನಾಲ್ಕನೆಯದು ಬರುವ ಹೊತ್ತಿಗೆ ಯಾರ ಪಾಸ್‌ವರ್ಡು ಯಾರ ಹತ್ತಿರ ಇದೆ, ಕೆಲಸ ಬಿಟ್ಟು ಹೋದವರ ಲಾಗಿನ್ ಯಾವ ಊರಿನಲ್ಲಿ ಇನ್ನೂ ನಡೆಯುತ್ತಿದೆ ಎಂದು ಹೇಳಬಲ್ಲವರು ಆ ಕಂಪನಿಯಲ್ಲಿ ಒಬ್ಬರೂ ಇರುವುದಿಲ್ಲ.

ಗುತ್ತಲ ನನ್ನ ಊರು. ಕೆಲಸ ಬೆಂಗಳೂರಿನಲ್ಲಿ, ಕಂಪನಿಗಳ ನೆಟ್‌ವರ್ಕ್ ಕಟ್ಟುವುದು ಮತ್ತು ಕಾಯುವುದು. ಕಳೆದ ದೀಪಾವಳಿಗೆ ಊರಿಗೆ ಹೋದಾಗ ನಮ್ಮ ಓಣಿಯ ಒಂದು ಮನೆತನ ಇದೇ ತಲೆನೋವು ಹಿಡಿದು ಕೂತಿತ್ತು. ಹೆಸರು ಬೇಡ. ಗುತ್ತಲದಲ್ಲಿ ಗೊಬ್ಬರ ಮತ್ತು ಗೋವಿನಜೋಳದ ವ್ಯಾಪಾರ, ರಾಣೆಬೆನ್ನೂರಿನಲ್ಲಿ ಬೀಜದ ವ್ಯವಹಾರ, ಬ್ಯಾಡಗಿಯಲ್ಲಿ ಮೆಣಸಿನಕಾಯಿ ದಲಾಲಿ ಅಂಗಡಿ, ಹಾವೇರಿಯಲ್ಲಿ ಲೆಕ್ಕಪತ್ರದ ಆಫೀಸು. ಮೂವರು ಅಣ್ಣತಮ್ಮಂದಿರು, ನಾಲ್ಕು ಊರು, ಸುಮಾರು 60 ಕಂಪ್ಯೂಟರು.

ಅವರನ್ನು ಎಚ್ಚರಿಸಿದ್ದು ಒಂದು ಸಣ್ಣ ಸಂಗತಿ. ಹಿರಿಯಣ್ಣನ ಮಗಳು ಹಾವೇರಿಯಲ್ಲಿ ಲೆಕ್ಕ ನೋಡುತ್ತಾಳೆ. ಮೂರು ತಿಂಗಳ ಹಿಂದೆ ರಾಣೆಬೆನ್ನೂರಿನಲ್ಲಿ ಕೆಲಸ ಬಿಟ್ಟ ಹುಡುಗನ ಹೆಸರಿನಲ್ಲಿ ಬ್ಯಾಡಗಿಯ ಮಶೀನಿನ ಒಂದು ಫೈಲು ತೆರೆದಿದ್ದು ಅವಳ ಕಣ್ಣಿಗೆ ಬಿತ್ತು. ಅದರಲ್ಲಿ ಇದ್ದದ್ದು ರೈತರ ಹೆಸರು, ಬ್ಯಾಂಕ್ ಖಾತೆ ನಂಬರು, ಕೊಡಬೇಕಾದ ಹಣ. ಏನೂ ಹೋಗಿರಲಿಲ್ಲ. ಆದರೆ ಆ ಪಟ್ಟಿ ಯಾರ ಕೈಗಾದರೂ ಸಿಗಬಹುದಿತ್ತು ಅನ್ನೋದು ಅವತ್ತು ಮನೆಗೆಲ್ಲ ಅರ್ಥವಾಯಿತು.

ಹಿರಿಯ ಕಾಕಾ ಅಂದರು: "ನಾಕೂ ಕಡೆ ನಾಕ್ ಸರ್ವರ್ ಹಾಕಿಬಿಡು ತಮ್ಮಾ. ನಾಕ್ ಡೊಮೇನ್ ಅಂತಾರಲ್ಲ, ಅದನ್ನ ಮಾಡು. ಅವರವರದು ಅವರವರು ನೋಡ್ಕೋತಾರ."

"ಯಾಕ್ ಕಾಕಾ, ಬ್ಯಾರೆ ಆಗಾಕತ್ತೀರೇನು?" ಅಂತ ಕೇಳಿದೆ.

ಅವರು ನಕ್ಕರು. ಸಣ್ಣ ಕಾಕಾ ನಗಲಿಲ್ಲ.

ಡೊಮೇನ್ ಅಂದ್ರೆ ಏನು?

ಈ ಪದಕ್ಕೆ ಎರಡು ಬಳಕೆ ಇದೆ. ಒಂದು ವೆಬ್‌ಸೈಟಿನ ವಿಳಾಸ. ಇನ್ನೊಂದು ಆಫೀಸಿನ ಒಳಗಿನದು: ಯಾರು ನಮ್ಮವರು, ಯಾರಿಗೆ ಯಾವ ಬಾಗಿಲು ತೆರೆಯಬೇಕು ಎಂಬ ಒಂದೇ ಪಟ್ಟಿ, ಮತ್ತು ಆ ಪಟ್ಟಿಯನ್ನು ಒಪ್ಪುವ ಕಂಪ್ಯೂಟರುಗಳ ಗುಂಪು. ವಿಂಡೋಸ್ ಲೋಕದಲ್ಲಿ ಈ ಪಟ್ಟಿಯ ಹೆಸರು ಆ್ಯಕ್ಟಿವ್ ಡೈರೆಕ್ಟರಿ. ವಿಂಡೋಸ್ 2000 ಜೊತೆ ಬಂದದ್ದು, ಇವತ್ತಿಗೂ ಸಾವಿರಾರು ಕಂಪನಿಗಳ ಬೆನ್ನೆಲುಬು. ಪಟ್ಟಿಯನ್ನು ಇಟ್ಟುಕೊಂಡಿರುವ ಸರ್ವರಿಗೆ ಡೊಮೇನ್ ಕಂಟ್ರೋಲರ್ ಅಂತಾರೆ. ಬೆಳಿಗ್ಗೆ ನೀವು ಪಾಸ್‌ವರ್ಡು ಒತ್ತಿದಾಗ 'ಇವರು ಹೌದು' ಎಂದು ಹೇಳುವುದು ಅದೇ.

ಆ ಮನೆತನದ ಕಂಪ್ಯೂಟರುಗಳಲ್ಲಿ ಇಂಥ ಪಟ್ಟಿ ಇರಲೇ ಇಲ್ಲ. ಪ್ರತಿ ಮಶೀನಿಗೂ ಅದರದೇ ಖಾತೆ, ಅದರದೇ ಪಾಸ್‌ವರ್ಡು. ರಾಣೆಬೆನ್ನೂರಿನ ಹುಡುಗ ಸೀಜನ್ನಿನಲ್ಲಿ ನಾಲ್ಕು ದಿನ ಬ್ಯಾಡಗಿಯಲ್ಲಿ ಕೂತು ಕೆಲಸ ಮಾಡಿದ್ದ. ಅಲ್ಲಿ ಮಾಡಿಕೊಟ್ಟ ಖಾತೆ ಅಲ್ಲೇ ಉಳಿದಿತ್ತು. ಈಗ ನಾಲ್ಕು ಡೊಮೇನ್ ಕಟ್ಟಿದರೆ ಆಗುವುದೂ ಅದೇ. ನಾಲ್ಕು ಪಟ್ಟಿ. ಒಂದರಲ್ಲಿ ಹೆಸರು ಹೊಡೆದುಹಾಕಿದರೆ ಉಳಿದ ಮೂರರಲ್ಲಿ ಇರುತ್ತದೆ.

ಆಫೀಸು ಜಾಗ, ಡೊಮೇನ್ ಅಧಿಕಾರ

ನಮ್ಮ ಜಿಲ್ಲೆಯ ಗಾಡಿಗಳನ್ನು ನೋಡಿ. ಹಾವೇರಿಯಲ್ಲಿ ನೋಂದಣಿ ಆದರೆ ಕೆಎ 27, ರಾಣೆಬೆನ್ನೂರಿನಲ್ಲಿ ಆದರೆ ಕೆಎ 68. ಗಾಡಿ ಎಲ್ಲಿಯದು ಎಂದು ನಂಬರು ಹೇಳುತ್ತದೆ. ಆದರೆ ಹಾವೇರಿಯಲ್ಲಿ ತೆಗೆಸಿದ ಲೈಸೆನ್ಸು ರಾಣೆಬೆನ್ನೂರಿನಲ್ಲಿ ನಡೆಯಲ್ಲ ಅಂತ ಯಾರೂ ಹೇಳುವುದಿಲ್ಲ. ಜಾಗದ ಗುರುತು ಬೇರೆ, ಒಪ್ಪಿಗೆ ಕೊಡುವ ಕಾನೂನು ಬೇರೆ.

ಆ್ಯಕ್ಟಿವ್ ಡೈರೆಕ್ಟರಿಯಲ್ಲೂ ಹಾಗೇ. ಊರುಗಳನ್ನು ಗುರುತಿಸಲು 'ಸೈಟ್' ಎಂಬ ಏರ್ಪಾಡು ಇದೆ. ಕೆಲಸ ಹಂಚಿಕೊಡಲು 'ಒಯು', ಅಂದರೆ ವಿಭಾಗಗಳು ಇವೆ. ಡೊಮೇನ್ ಇವೆರಡಕ್ಕಿಂತ ಮೇಲಿನದು. ನಿಯಮ ಮಾಡುವವರು ಒಬ್ಬರೇ ಆದರೆ ಡೊಮೇನ್ ಒಂದೇ ಸಾಕು, ಆಫೀಸು ನಾಲ್ಕಿರಲಿ, ನಲವತ್ತಿರಲಿ.

ಹಾಗಾದರೆ ಆಫೀಸಿಗೊಂದು ಡೊಮೇನ್ ಎಂಬ ಯೋಚನೆ ಬಂದದ್ದು ಎಲ್ಲಿಂದ? ಹಳೇ ಕಾಲದಿಂದ. ವಿಂಡೋಸ್ ಎನ್‌ಟಿ ಇದ್ದಾಗ ಒಂದು ಡೊಮೇನ್‌ನಲ್ಲಿ ಸುಮಾರು 40,000 ಖಾತೆಗಳಿಗಿಂತ ಹೆಚ್ಚು ಹಿಡಿಯುತ್ತಿರಲಿಲ್ಲ. ಪಾಸ್‌ವರ್ಡಿನ ನಿಯಮ ಬೇರೆ ಬೇಕೆಂದರೂ ಬೇರೆ ಡೊಮೇನೇ ಬೇಕಿತ್ತು. ಈ ಎರಡನೇ ಕಾರಣ ವಿಂಡೋಸ್ ಸರ್ವರ್ 2008ರಲ್ಲಿ ಹೋಯಿತು: ಈಗ ಒಂದೇ ಡೊಮೇನ್‌ನಲ್ಲಿ ಲೆಕ್ಕದವರಿಗೆ ಬಿಗಿ ನಿಯಮ, ಗೋದಾಮಿನವರಿಗೆ ಸಡಿಲ ನಿಯಮ ಇಡಬಹುದು. ಕಾರಣಗಳು ಹೋದರೂ ರೂಢಿ ಮಾತ್ರ ಉಳಿದಿದೆ.

ಒಲಿ ಬ್ಯಾರೆ ಆದ್ರ ಪಾಲು ಆದಂಗಲ್ಲ

ಇಲ್ಲಿಗೆ ಬಂದಾಗ ಸಣ್ಣ ಕಾಕಾ ಬಾಯಿಬಿಟ್ಟರು. ಬೀಜದ ವ್ಯವಹಾರ ಅವರದು. ಯಾವ ಹಳ್ಳಿಯ ಯಾವ ರೈತರಿಗೆ ಬೀಜ ಬೆಳೆಯಲು ಕೊಟ್ಟಿದ್ದಾರೆ, ತಳಿಗಳ ದಾಖಲೆ, ಇವು ಅವರ ಜೀವಾಳ. "ಅಣ್ಣನ ಮ್ಯಾಲೆ ನಂಬಿಕಿ ಇಲ್ಲಂತಲ್ಲ. ಅವನ ಆಫೀಸಿಗೆ ಹತ್ತು ಮಂದಿ ಬಂದ್ ಹೋಗ್ತಾರ. ನಂದು ಬ್ಯಾರೆ ಡೊಮೇನ್ ಇದ್ರ ನಂದು ನನಗ ಭದ್ರ, ಹೌದಲ್ಲೋ?"

ಅಲ್ಲ. ಬಹಳ ಜನ ಎಡವುವ ಜಾಗ ಇದೇ.

ನಮ್ಮ ಕಡೆ ದೊಡ್ಡ ಮನೆಗಳಲ್ಲಿ ಒಲೆ ಬೇರೆ ಆಗುವುದು ಬೇರೆ, ಪಾಲು ಆಗುವುದು ಬೇರೆ. ಒಲೆ ಬೇರೆ ಆದರೂ ಹೊಸ್ತಿಲು ಒಂದೇ, ಹಿರಿಯರ ಹತ್ತಿರ ಎಲ್ಲ ಕೋಣೆಯ ಬೀಗದಕೈ ಇರುತ್ತದೆ. ಆ್ಯಕ್ಟಿವ್ ಡೈರೆಕ್ಟರಿಯಲ್ಲಿ ಈ ಹೊಸ್ತಿಲಿನ ಹೆಸರು 'ಫಾರೆಸ್ಟ್'. ಒಂದು ಫಾರೆಸ್ಟಿನೊಳಗೆ ಎಷ್ಟು ಡೊಮೇನ್ ಮಾಡಿದರೂ ಅವು ಬೇರೆ ಬೇರೆ ಒಲೆಗಳಷ್ಟೆ. ಮೇಲಿನ ಆಡಳಿತಗಾರ ಎಲ್ಲದರೊಳಗೂ ಬರಬಲ್ಲ. ಭದ್ರತೆಯ ನಿಜವಾದ ಗಡಿ ಫಾರೆಸ್ಟು, ಡೊಮೇನ್ ಅಲ್ಲ ಎಂದು ಮೈಕ್ರೋಸಾಫ್ಟೇ ಹೇಳುತ್ತದೆ.

ಗುತ್ತಲದವರಿಗೆ ಇದು ಹೊಸ ಮಾತೇನಲ್ಲ. 12 ಮತ್ತು 13ನೇ ಶತಮಾನದಲ್ಲಿ ಇಲ್ಲಿ ಆಳಿದವರು ಗುತ್ತವೊಳಲಿನ ಗುತ್ತರು. ಅವರಿಗೆ ತಮ್ಮದೇ ಆಸ್ಥಾನ ಇತ್ತು, ಬಿರುದು ಇತ್ತು, ಹತ್ತಿರದ ಚೌಡದಾನಪುರದ ಮುಕ್ತೇಶ್ವರ ದೇವಸ್ಥಾನದ ಶಾಸನಗಳಲ್ಲಿ ಹೆಸರೂ ಇದೆ. ಆದರೆ ಅವರು ಮಾಂಡಲಿಕರು. ಮೇಲೆ ಮೊದಲು ಕಲ್ಯಾಣದ ಚಾಲುಕ್ಯರು, ಮುಂದೆ ಸೇವುಣರು. ಒಂದು ಫಾರೆಸ್ಟಿನೊಳಗಿನ ಮರಿ ಡೊಮೇನ್ ಅಂದರೆ ಹೀಗೇ: ಆಸ್ಥಾನ ಸ್ವಂತದ್ದು, ಮೇಲಿನ ಮಾತು ಇನ್ನೊಬ್ಬರದು.

ನಿಜವಾಗಿಯೂ ಪ್ರತ್ಯೇಕ ಬೇಕೆಂದರೆ ಪ್ರತ್ಯೇಕ ಫಾರೆಸ್ಟೇ ಬೇಕು. ಅದು ಪಾಲು ಆದಂತೆ. ಎರಡು ಕಡೆ ಸರ್ವರು, ಎರಡು ಕಡೆ ಆಡಳಿತ, ನಡುವೆ 'ಟ್ರಸ್ಟ್' ಎಂಬ ಒಪ್ಪಂದ. ಬೀಜದ ಕಂಪನಿಯಲ್ಲಿ ಹೊರಗಿನ ಪಾಲುದಾರರು ಬರುತ್ತಾರೆ, ಅಥವಾ ಎರಡು ವರ್ಷದಲ್ಲಿ ಅದನ್ನು ಮಾರುವ ವಿಚಾರ ಇದೆ ಅಂದರೆ ಆ ಖರ್ಚಿಗೆ ಅರ್ಥವಿದೆ. ಒಬ್ಬರ ಫೈಲು ಇನ್ನೊಬ್ಬರ ಆಫೀಸಿನವರಿಗೆ ಕಾಣಬಾರದು ಎಂಬುದಷ್ಟೇ ಆದರೆ ಇಲ್ಲ.

ನಾವು ಮಾಡಿದ್ದು ಇಷ್ಟು. ಒಂದೇ ಡೊಮೇನ್. ಒಳಗೆ ನಾಲ್ಕು ಒಯು, ಊರಿಗೊಂದು. ರಾಣೆಬೆನ್ನೂರಿನ ನೌಕರರ ಪಾಸ್‌ವರ್ಡ್ ಬದಲಿಸುವುದು, ಹೊಸಬರನ್ನು ಸೇರಿಸುವುದು ರಾಣೆಬೆನ್ನೂರಿನ ಕೈಯಲ್ಲಿ. ಬ್ಯಾಡಗಿಯದು ಬ್ಯಾಡಗಿಯ ಕೈಯಲ್ಲಿ. ಬೀಜದ ಫೋಲ್ಡರಿಗೆ ಸಣ್ಣ ಕಾಕಾ ಹೇಳಿದ ಐದು ಜನರಿಗಷ್ಟೇ ಪ್ರವೇಶ, ಯಾರು ಯಾವಾಗ ತೆರೆದರು ಎಂಬ ದಾಖಲೆ ಮೂವರು ಅಣ್ಣತಮ್ಮಂದಿರಿಗೂ ಹೋಗುತ್ತದೆ. ಇಡೀ ಡೊಮೇನ್‌ನ ಆಡಳಿತದ ಖಾತೆ ಮೂವರಲ್ಲಿ ಯಾರ ಹತ್ತಿರವೂ ಇಲ್ಲ. ಅದು ಹಾವೇರಿಯ ಮಗಳ ಹತ್ತಿರ ಇದೆ, ಅದೂ ದಿನದ ಕೆಲಸಕ್ಕೆ ಬಳಸದ ಬೇರೆ ಖಾತೆಯಾಗಿ. ಇನ್ನೊಂದು ಖಾತೆಯ ಪಾಸ್‌ವರ್ಡು ಮೊಹರು ಮಾಡಿದ ಲಕೋಟೆಯಲ್ಲಿ ಬ್ಯಾಂಕ್ ಲಾಕರಿನಲ್ಲಿದೆ. "ಇಬ್ಬರು ಬಂದ್ರ ಮಾತ್ರ ಲಾಕರ್ ತೆಗೀಬೇಕು" ಎಂಬ ಷರತ್ತು ಹಾಕಿದ್ದು ಸಣ್ಣ ಕಾಕಾ. ಹಿರಿಯ ಕಾಕಾ ಎರಡು ಮಾತಾಡದೆ ಒಪ್ಪಿದರು.

ನಾಲ್ಕು ಊರು, ನಾಲ್ಕು ಸೈಟು

ಈಗ ಜಾಗದ ಲೆಕ್ಕ. ಪ್ರತಿ ಆಫೀಸಿಗೂ ಬೇರೆ ಐಪಿ ಸಾಲು ಕೊಡಬೇಕು. ನಾವು 10.27.1 ಹಾವೇರಿಗೆ, 10.27.2 ರಾಣೆಬೆನ್ನೂರಿಗೆ, 10.27.3 ಬ್ಯಾಡಗಿಗೆ, 10.27.4 ಗುತ್ತಲಕ್ಕೆ ಇಟ್ಟೆವು. ನಂಬರು ನೋಡಿದರೇ ಊರು ಗೊತ್ತಾಗುತ್ತದೆ. 192.168.1 ಸಾಲನ್ನು ಮಾತ್ರ ಆಫೀಸಿಗೆ ಇಡಬೇಡಿ. ನಿಮ್ಮ ಮನೆಯ ವೈಫೈ ರೂಟರಿನಲ್ಲೂ ಹೆಚ್ಚಾಗಿ ಅದೇ ಇರುತ್ತದೆ. ಮನೆಯಿಂದ ವಿಪಿಎನ್ ಹಾಕಿದಾಗ ಯಾವ ಕಡೆ ಹೋಗಬೇಕೆಂದು ಕಂಪ್ಯೂಟರಿಗೆ ತಿಳಿಯುವುದಿಲ್ಲ.

ಈ ಸಾಲುಗಳನ್ನು ಸೈಟುಗಳಿಗೆ ಜೋಡಿಸಿದರೆ ರಾಣೆಬೆನ್ನೂರಿನ ಕಂಪ್ಯೂಟರು ರಾಣೆಬೆನ್ನೂರಿನ ಸರ್ವರನ್ನೇ ಕೇಳುತ್ತದೆ. ಜೋಡಿಸದಿದ್ದರೆ ಪಕ್ಕದ ಕೋಣೆಯ ಸರ್ವರು ಬಿಟ್ಟು ಬೇರೆ ಊರಿನದನ್ನು ಕೇಳುತ್ತಾ ಕೂರಬಹುದು, ಬೆಳಿಗ್ಗೆ ಲಾಗಿನ್ ಆಗಲು ಹೊತ್ತು ಹಿಡಿಯುತ್ತದೆ.

ಎಲ್ಲ ಊರಿಗೂ ಸರ್ವರು ಬೇಕಿಲ್ಲ. ಬರೆಯಬಲ್ಲ ಡೊಮೇನ್ ಕಂಟ್ರೋಲರು ಎರಡು: ಹಾವೇರಿಗೊಂದು, ರಾಣೆಬೆನ್ನೂರಿಗೊಂದು. ಒಂದು ಕೆಟ್ಟರೆ ಇನ್ನೊಂದು ಇರಬೇಕು, ಹಾಗಾಗಿ ಎರಡಕ್ಕಿಂತ ಕಡಿಮೆ ಯಾವತ್ತೂ ಬೇಡ. ಬ್ಯಾಡಗಿಯಲ್ಲಿ ಬೀಗ ಹಾಕುವಂಥ ಕೋಣೆ ಇಲ್ಲ, ಅಂಗಡಿಗೆ ನೂರು ಜನ ಬಂದು ಹೋಗುತ್ತಾರೆ. ಆದರೆ ಟೆಂಡರ್ ದಿನ ಲೈನು ಹೋಯಿತು ಅಂತ ಲಾಗಿನ್ ನಿಂತರೆ ರೈತರ ಪಟ್ಟಿ ಆಗುವುದಿಲ್ಲ, ಪಟ್ಟಿ ಆಗದೆ ಹಣ ಹೋಗುವುದಿಲ್ಲ. ಇಂಥ ಜಾಗಕ್ಕೆಂದೇ 2008ರಲ್ಲಿ ಬಂದದ್ದು ಓದಲಷ್ಟೇ ಬರುವ ಡೊಮೇನ್ ಕಂಟ್ರೋಲರು. ಅದು ಪಟ್ಟಿಯನ್ನು ತಿದ್ದಲಾರದು. ನಾವು ಹೇಳಿದವರ ಪಾಸ್‌ವರ್ಡ್ ಮಾತ್ರ ಇಟ್ಟುಕೊಳ್ಳುತ್ತದೆ. ಪೆಟ್ಟಿಗೆಯನ್ನೇ ಯಾರಾದರೂ ಹೊತ್ತೊಯ್ದರೂ ಬ್ಯಾಡಗಿಯ ಹತ್ತು ಜನರ ಪಾಸ್‌ವರ್ಡ್ ಬದಲಿಸಿದರೆ ಮುಗಿಯಿತು.

ಗುತ್ತಲಕ್ಕೆ ಸರ್ವರು ಇಡಲಿಲ್ಲ. ಅಲ್ಲಿನ ಮಶೀನುಗಳು ಹಾವೇರಿಯನ್ನು ಕೇಳುತ್ತವೆ. ಲೈನು ಹೋದರೂ ಆ ಮಶೀನಿನಲ್ಲಿ ಮೊದಲು ಲಾಗಿನ್ ಆಗಿದ್ದವರು ಒಳಗೆ ಹೋಗಬಹುದು. ವಿಂಡೋಸ್ ಮಾಮೂಲಿಯಾಗಿ ಕೊನೆಯ 10 ಲಾಗಿನ್‌ಗಳನ್ನು ನೆನಪಿಟ್ಟಿರುತ್ತದೆ. ಬಿಲ್ಲು ಬರೆಯುವ ಕೆಲಸಕ್ಕೆ ಅಷ್ಟು ಸಾಕು. ಹಿರಿಯ ಕಾಕಾಗೆ ಇದು ಸ್ವಲ್ಪ ಬೇಜಾರಾಯಿತು, ಮೂಲ ಅಂಗಡಿ ಗುತ್ತಲದ್ದೇ ಅಲ್ಲವೇ. ಆದರೆ ಸರ್ವರು ಇಡುವುದು ಮರ್ಯಾದೆಗಲ್ಲ, ಅದು ನಿಂತರೆ ಯಾರ ಕೆಲಸ ನಿಲ್ಲುತ್ತದೆ ಎಂಬುದಕ್ಕೆ.

ಇನ್ನೆರಡು ಸಂಗತಿ ಮರೆಯಬೇಡಿ. ಒಂದು, ಸೈಟುಗಳ ನಡುವೆ ಪಟ್ಟಿಯ ಬದಲಾವಣೆ ತಾನಾಗಿ ಹೋಗಲು ಇಟ್ಟಿರುವ ಅವಧಿ 180 ನಿಮಿಷ. ಅಂದರೆ ಕೆಲಸ ಬಿಟ್ಟವರ ಖಾತೆಯನ್ನು ಹಾವೇರಿಯಲ್ಲಿ ಮುಚ್ಚಿದರೆ ರಾಣೆಬೆನ್ನೂರಿಗೆ ತಿಳಿಯಲು ಮೂರು ಗಂಟೆಯವರೆಗೆ ಹಿಡಿಯಬಹುದು. ಅದನ್ನು 15 ನಿಮಿಷಕ್ಕೆ ಇಳಿಸಬಹುದು, ಇಳಿಸಿ. ಎರಡು, ಗಡಿಯಾರ. ಸರ್ವರಿಗೂ ಕಂಪ್ಯೂಟರಿಗೂ 5 ನಿಮಿಷಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ಲಾಗಿನ್ ಆಗುವುದಿಲ್ಲ. ಪದೇ ಪದೇ ಕರೆಂಟ್ ಹೋಗುವ ಊರುಗಳಲ್ಲಿ ಹಳೇ ಮಶೀನಿನ ಒಳಗಿನ ಸಣ್ಣ ಬ್ಯಾಟರಿ ಸತ್ತು ಗಡಿಯಾರ ಹಿಂದೆ ಓಡಿರುತ್ತದೆ. 'ಪಾಸ್‌ವರ್ಡ್ ಸರಿ ಇದ್ರೂ ತಗೋವಲ್ದು' ಎಂದು ಫೋನು ಬಂದರೆ ಮೊದಲು ಟೈಮು ನೋಡಿ.

ಹೆಸರು ಇಡುವಾಗ

ಡೊಮೇನ್‌ಗೆ ಒಮ್ಮೆ ಇಟ್ಟ ಹೆಸರು ಬದಲಿಸುವುದು ಬಹಳ ಕಷ್ಟ. ಆದ್ದರಿಂದ ಬದಲಾಗಬಹುದಾದದ್ದನ್ನು ಹೆಸರಿನಲ್ಲಿ ಸೇರಿಸಬಾರದು.

ಊರಿನ ಹೆಸರು ಬೇಡ. 1997ರವರೆಗೆ ನಾವೆಲ್ಲ ಧಾರವಾಡ ಜಿಲ್ಲೆಯವರು. ಆ ವರ್ಷ ಹಾವೇರಿ ಜಿಲ್ಲೆ ಆಯಿತು. ಕಂಪನಿಯ ಈಗಿನ ಹೆಸರೂ ಶಾಶ್ವತ ಅಲ್ಲ. ಸಿಂಡಿಕೇಟ್ ಬ್ಯಾಂಕು 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ಸೇರಿತು. ಧಾರವಾಡದಿಂದ ನಡೆಯುತ್ತಿದ್ದ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕು 2025ರ ಮೇ 1ರಿಂದ ಬಳ್ಳಾರಿ ಕೇಂದ್ರವಾದ ಕರ್ನಾಟಕ ಗ್ರಾಮೀಣ ಬ್ಯಾಂಕು ಆಯಿತು. ಅದೇ ವರ್ಷದ ಅಕ್ಟೋಬರ್ 31ರೊಳಗೆ ಎಲ್ಲ ಬ್ಯಾಂಕುಗಳೂ ತಮ್ಮ ವೆಬ್ ವಿಳಾಸವನ್ನು 'ಬ್ಯಾಂಕ್ ಡಾಟ್ ಇನ್' ಕೊನೆಗೆ ಬದಲಿಸಬೇಕು ಎಂದು ರಿಸರ್ವ್ ಬ್ಯಾಂಕು ಹೇಳಿತು. ಬ್ಯಾಂಕಿನಂಥ ಬ್ಯಾಂಕಿಗೇ ಹೀಗಾದರೆ ನಮ್ಮ ಅಂಗಡಿಯ ಹೆಸರು ಎಷ್ಟು ದಿನ?

ನಮ್ಮದಲ್ಲದ ಹೆಸರೂ ಬೇಡ. ಹಿಂದೆ ಎಷ್ಟೋ ಕಂಪನಿಗಳು ಒಳಗಿನ ಡೊಮೇನ್‌ಗೆ ಬರೀ 'ಕಾರ್ಪ್' ಎಂದು ಇಟ್ಟುಕೊಂಡವು. ಆ ಲ್ಯಾಪ್‌ಟಾಪುಗಳು ಆಫೀಸಿನ ಹೊರಗೆ ಹೋದಾಗ ಇಂಟರ್ನೆಟ್ಟಿನ 'ಕಾರ್ಪ್ ಡಾಟ್ ಕಾಂ' ಎಂಬ ವಿಳಾಸವನ್ನೇ ತಮ್ಮ ಆಫೀಸೆಂದು ಹುಡುಕತೊಡಗಿದವು. ಆ ವಿಳಾಸ 1994ರಿಂದ ಒಬ್ಬ ಖಾಸಗಿ ವ್ಯಕ್ತಿಯ ಕೈಯಲ್ಲಿತ್ತು. ತಪ್ಪು ಕೈಗೆ ಹೋದರೆ ಲಕ್ಷಗಟ್ಟಲೆ ಕಂಪ್ಯೂಟರುಗಳ ಗುಟ್ಟು ಹೊರಬೀಳುತ್ತಿತ್ತು. ಕೊನೆಗೆ 2020ರಲ್ಲಿ ಮೈಕ್ರೋಸಾಫ್ಟ್ ಅದನ್ನು ಕೊಂಡುಕೊಂಡಿತು. 'ಡಾಟ್ ಲೋಕಲ್' ಎಂದು ಮುಗಿಯುವ ಹೆಸರೂ ಬೇಡ, 2013ರಿಂದ ಅದನ್ನು ಬೇರೆ ಕೆಲಸಕ್ಕೆ ಮೀಸಲಿಟ್ಟಿದ್ದಾರೆ.

ಸರಳ ದಾರಿ: ಕಂಪನಿಯ ಹೆಸರಿನಲ್ಲಿ ನೀವೇ ನೋಂದಾಯಿಸಿರುವ ವೆಬ್ ವಿಳಾಸದ ಮುಂದೆ 'ಎಡಿ ಡಾಟ್' ಸೇರಿಸಿ ಒಳಗಿನ ಡೊಮೇನ್‌ಗೆ ಇಡಿ. ವೆಬ್‌ಸೈಟು ಹೊರಗೆ, ಇದು ಒಳಗೆ, ಗೊಂದಲ ಇಲ್ಲ. ಆ ವಿಳಾಸ ಸಾಧ್ಯವಾದಷ್ಟು ತಟಸ್ಥವಾಗಿರಲಿ. ಗುತ್ತರು ಆಳಿದ್ದು ಗುತ್ತವೊಳಲನ್ನು, ಬಿರುದಿನಲ್ಲಿ ಇಟ್ಟುಕೊಂಡದ್ದು ದೂರದ ಉಜ್ಜಯಿನಿಯನ್ನು. ಈ ಮನೆತನದವರು ಮನೆದೇವರ ಹೆಸರಿನ ಮೂರಕ್ಷರ ಆರಿಸಿದರು. ವ್ಯಾಪಾರ ಯಾವುದಕ್ಕೆ ತಿರುಗಿದರೂ ಅದು ಬದಲಾಗುವುದಿಲ್ಲ ಅಂತ ಅವರ ಲೆಕ್ಕ.

ಕರೆಂಟ್ ಹೋಗಿದ್ದಕ್ಕೆ ಉಳಿದ ಕಂಪನಿ

ಒಂದೇ ಡೊಮೇನ್ ಅಂದಾಗ ಹಾವೇರಿಯ ಮಗಳು ಕೇಳಿದ ಪ್ರಶ್ನೆ ಸರಿಯಾಗಿತ್ತು: "ಎಲ್ಲಾ ಒಂದ ಬುಟ್ಟಿಯೊಳಗ ಹಾಕಿದಂಗ ಆಗೂದಿಲ್ಲೇನಣ್ಣಾ?"

2017ರ ಜೂನ್ 27ರಂದು ನಾಟ್‌ಪೆಟ್ಯಾ ಎಂಬ ಮಾಲ್‌ವೇರ್ ಹಡಗು ಸಾಗಣೆಯ ದೊಡ್ಡ ಕಂಪನಿ ಮೇರ್ಸ್ಕ್‌ನ ನೆಟ್‌ವರ್ಕನ್ನು ಅಳಿಸಿಹಾಕಿತು. ಅವರ ಹತ್ತಿರ ಸುಮಾರು 150 ಡೊಮೇನ್ ಕಂಟ್ರೋಲರುಗಳಿದ್ದವು. ಒಂದು ಕೆಟ್ಟರೆ ಇನ್ನೊಂದು ಇದೆ ಎಂಬ ಧೈರ್ಯ. ಆದರೆ ಎಲ್ಲವೂ ಒಂದಕ್ಕೊಂದು ಜೋಡಿಕೊಂಡಿದ್ದರಿಂದ ಎಲ್ಲವೂ ಒಟ್ಟಿಗೇ ಹೋದವು. ಉಳಿದದ್ದು ಒಂದೇ, ಘಾನಾ ದೇಶದ ಆಫೀಸಿನದು. ಯಾಕೆ ಉಳಿಯಿತು ಅಂದರೆ, ಆ ಹೊತ್ತಿಗೆ ಅಲ್ಲಿ ಕರೆಂಟ್ ಹೋಗಿತ್ತು. ಆ ಹಾರ್ಡ್ ಡಿಸ್ಕನ್ನು ಕೈಯಲ್ಲೇ ಇಂಗ್ಲೆಂಡಿಗೆ ಸಾಗಿಸಿ, ಅದರಿಂದ ಇಡೀ ಪಟ್ಟಿಯನ್ನು ಮತ್ತೆ ಕಟ್ಟಿದರು.

ಇದನ್ನು ಹೇಳಿದಾಗ, "ಹಂಗಾದ್ರ ನಮ್ಮ ಗುತ್ತಲಾನ ಎಲ್ಲಾಕಿಂತ ಸೇಫ್ ಅನ್ನು" ಅಂದರು ಹಿರಿಯ ಕಾಕಾ. ಆದರೆ ಕರೆಂಟ್ ಹೋಗಲಿ ಅಂತ ಕಾಯುತ್ತಾ ಕೂರಲಾಗುವುದಿಲ್ಲ. ನಾಲ್ಕು ಡೊಮೇನ್ ಇದ್ದರೂ ಅವು ಜೋಡಿಕೊಂಡೇ ಇರುವುದರಿಂದ ಇದೇ ಗತಿ. ಕಾಯುವುದು ಡೊಮೇನ್‌ಗಳ ಸಂಖ್ಯೆ ಅಲ್ಲ, ನೆಟ್‌ವರ್ಕಿನಿಂದ ಬಿಚ್ಚಿಟ್ಟ ಬ್ಯಾಕಪ್. ಪ್ರತಿ ಶನಿವಾರ ಹಾವೇರಿಯ ಸರ್ವರಿನ ಬ್ಯಾಕಪ್ ತೆಗೆದು, ಡಿಸ್ಕು ಬಿಚ್ಚಿ, ಗುತ್ತಲದ ಮನೆಯ ತಿಜೋರಿಗೆ ಹೋಗುತ್ತದೆ. ಎರಡು ಡಿಸ್ಕು, ಒಂದು ಬರುತ್ತದೆ, ಒಂದು ಹೋಗುತ್ತದೆ. ಮೂಲ ಅಂಗಡಿಗೆ ಹೀಗೆ ಒಂದು ಕೆಲಸ ಸಿಕ್ಕಿತು. ಹಳೇ ಬ್ಯಾಕಪ್ಪನ್ನು ನಂಬಿ ಕೂರಬೇಡಿ. ಮಾಮೂಲಿ ಸೆಟ್ಟಿಂಗಿನಲ್ಲಿ 180 ದಿನಕ್ಕಿಂತ ಹಳೆಯದನ್ನು ಆ್ಯಕ್ಟಿವ್ ಡೈರೆಕ್ಟರಿಗೆ ಮರಳಿ ಹಾಕಬಾರದು.

ಸರ್ವರೇ ಬೇಡ ಅನ್ನುವವರಿಗೆ

ನಿಮ್ಮ ಕೆಲಸ ಎಲ್ಲ ಬ್ರೌಸರಿನಲ್ಲೇ ಆಗುತ್ತಿದ್ದರೆ, ಜನ ಇಪ್ಪತ್ತೋ ಮೂವತ್ತೋ ಇದ್ದರೆ, ಸ್ವಂತ ಸರ್ವರು ಬೇಕೇ ಬೇಕು ಎಂದೇನಿಲ್ಲ. ಮೈಕ್ರೋಸಾಫ್ಟ್ ಅಥವಾ ಗೂಗಲ್‌ನ ಕ್ಲೌಡ್ ಖಾತೆಗಳೇ ಸಾಕು. ಈ ಮನೆತನಕ್ಕೆ ಸರ್ವರು ಬೇಕಾದದ್ದು ಲೆಕ್ಕದ ಸಾಫ್ಟ್‌ವೇರು ಮತ್ತು ತೂಕದ ಕಾಟಾದ ಕಂಪ್ಯೂಟರು ಲೈನು ಇಲ್ಲದಾಗಲೂ ನಡೆಯಬೇಕು ಎಂಬುದಕ್ಕೆ. ಕ್ಲೌಡ್ ಆದರೂ ಪ್ರಶ್ನೆ ಬದಲಾಗುವುದಿಲ್ಲ: ಊರಿಗೊಂದು ಖಾತೆ ತೆರೆಯಬೇಕೋ, ಎಲ್ಲರಿಗೂ ಒಂದೋ? ಉತ್ತರವೂ ಅದೇ.

ನಿಮ್ಮ ಕಂಪನಿಯಲ್ಲಿ ಈ ಚರ್ಚೆ ಬಂದರೆ ಊರುಗಳ ನಕ್ಷೆಯಿಂದ ಶುರು ಮಾಡಬೇಡಿ. ಒಂದು ಹಾಳೆ ತಗೊಂಡು ಮೂರು ಸಾಲು ಬರೆಯಿರಿ. ಒಬ್ಬರು ಇವತ್ತು ಸಂಜೆ ಕೆಲಸ ಬಿಟ್ಟರೆ ಅವರ ಪ್ರವೇಶ ಮುಚ್ಚುವವರು ಯಾರು? ಆ ಮುಚ್ಚುವವರ ಮೇಲೆ ಕಣ್ಣಿಡುವವರು ಯಾರು? ಲೈನು ಹೋದ ದಿನ ಯಾವ ಊರಿನ ಕೆಲಸ ನಿಲ್ಲಬಾರದು? ಮೊದಲೆರಡಕ್ಕೆ ಉತ್ತರ ಒಂದೇ ಕಡೆ ಬಂದರೆ ಡೊಮೇನ್ ಒಂದು. ಮೂರನೆಯದರ ಉತ್ತರ ಸರ್ವರು ಎಲ್ಲಿ ಎಂದು ಹೇಳುತ್ತದೆ. ಮೊದಲೆರಡಕ್ಕೆ ಉತ್ತರವೇ ಬರದಿದ್ದರೆ ಆ ಮಾತು ಮೊದಲು ಮನೆಯೊಳಗೆ ಆಗಬೇಕು, ಸರ್ವರಿನ ಆರ್ಡರು ಆಮೇಲೆ.

ಈ ಮನೆತನದಲ್ಲಿ ಆ ಮಾತಿಗೆ ಎರಡು ಸಂಜೆ ಹಿಡಿಯಿತು. ಸರ್ವರು ಕೂರಿಸಿ, 60 ಮಶೀನು ಸೇರಿಸಲು ಮೂರು ಭಾನುವಾರ. ಜನವರಿಯಲ್ಲಿ ಬ್ಯಾಡಗಿಗೆ ಮೆಣಸಿನಕಾಯಿ ಚೀಲಗಳು ಜೋರಾಗಿ ಬರತೊಡಗುವ ಮೊದಲೇ ಎಲ್ಲ ಮುಗಿದಿತ್ತು. ಈ ಸೀಜನ್ನಿನ ನಡುವೆ ಹುಡುಗರಿಬ್ಬರು ಕೆಲಸ ಬಿಟ್ಟರು. ಹಾವೇರಿಯಲ್ಲಿ ಕೂತು ಅವಳು ಇಬ್ಬರ ಹೆಸರನ್ನೂ ಒಮ್ಮೆ ಮುಚ್ಚಿದಳು, ಕಾಲು ಗಂಟೆಯೊಳಗೆ ನಾಲ್ಕೂ ಊರಿನಲ್ಲಿ ಮುಚ್ಚಿತು.